ಪಟ್ಟಣದ ಕಾಡು: ಉದ್ಯಾನವಾಗಬೇಕೆ, ಅರಣ್ಯವಾಗಿ ಉಳಿಯಬೇಕೆ?

2025ರ ನವೆಂಬರ್ ತಿಂಗಳಿನಲ್ಲಿ ಒಂದು ವಾರದ ಅಂತರದಲ್ಲಿ ಎರಡು ಸುದ್ದಿಗಳು ಬಂದವು. ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಹಿನ್ನೆಲೆಯಲ್ಲಿ ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿ ನಿಲ್ಲಿಸುವಂತೆ ಅರಣ್ಯ ಸಚಿವರು ನವೆಂಬರ್ 7ರಂದು ಆದೇಶಿಸಿದರು. ನವೆಂಬರ್ 14ರಂದು ಸಾಲುಮರದ ತಿಮ್ಮಕ್ಕ ತಮ್ಮ 114ನೇ ವಯಸ್ಸಿನಲ್ಲಿ ನಿಧನರಾದರು. ಮೊದಲನೆಯದು ಕಾಡಂಚಿನ ಹಳ್ಳಿಗಳ ಆಕ್ರೋಶಕ್ಕೆ ಸಂಬಂಧಿಸಿದ್ದು, ಎರಡನೆಯದು ನಾಡಿನ ಹಸಿರಿನ ಹೆಮ್ಮೆಗೆ ಸಂಬಂಧಿಸಿದ್ದು. ಇವೆರಡರ ನಡುವೆ ನಂಟಿದೆಯೆಂದು ಆ ದಿನಗಳಲ್ಲಿ ಯಾರೂ ಆಲೋಚಿಸಿದಂತೆ ಕಾಣಲಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಮಟ್ಟಿಗೆ ಅವೆರಡೂ ಒಂದೇ ಪ್ರಶ್ನೆಗೆ ಬಂದು ಸೇರುತ್ತವೆ. ಊರಿನ ಪಕ್ಕದಲ್ಲಿ ಕಾಡಿರಬೇಕೆ? ಇರುವುದಾದರೆ ಅದು ಎಂತಹ ಕಾಡಾಗಿರಬೇಕು?

ತಿಮ್ಮಕ್ಕನವರ ಹೆಸರಿನಲ್ಲಿ ಅರಣ್ಯ ಇಲಾಖೆ ಕಳೆದ ದಶಕದಿಂದ ರಾಜ್ಯದ ಅನೇಕ ತಾಲ್ಲೂಕುಗಳಲ್ಲಿ ವೃಕ್ಷೋದ್ಯಾನಗಳನ್ನು ನಿರ್ಮಿಸುತ್ತಿದೆ. ಜನರ ಬಾಯಲ್ಲಿ ಇವು 'ಟ್ರೀ ಪಾರ್ಕ್'. ಕೇಂದ್ರ ಸರ್ಕಾರ 2020ರ ವಿಶ್ವ ಪರಿಸರ ದಿನದಂದು, ಪುಣೆಯ ವಾರ್ಜೆಯಲ್ಲಿ ಅರಣ್ಯಭೂಮಿಯಲ್ಲಿ ಬೆಳೆಸಿದ ನಗರಾರಣ್ಯವನ್ನು ಮಾದರಿಯಾಗಿಟ್ಟುಕೊಂಡು, 'ನಗರ ವನ' ಯೋಜನೆಯನ್ನು ಘೋಷಿಸಿತು. ಅದರಡಿ 10ರಿಂದ 50 ಹೆಕ್ಟೇರ್ ವಿಸ್ತೀರ್ಣದ್ದು ನಗರ ವನ, 1ರಿಂದ 10 ಹೆಕ್ಟೇರ್‌ನದು ನಗರ ವಾಟಿಕೆ. ಹೆಕ್ಟೇರಿಗೆ 4 ಲಕ್ಷ ರೂಪಾಯಿ ನೆರವು. ಹಣದ ದಾರಿ ಹೀಗೆ ತೆರೆದುಕೊಂಡಿರುವುದರಿಂದ ಸಣ್ಣ ಪಟ್ಟಣಗಳೂ ತಮ್ಮ ಅಂಚಿನಲ್ಲಿ ಉಳಿದಿರುವ ಕುರುಚಲು ಕಾಡು, ಕೆರೆಯಂಗಳ, ನದಿದಂಡೆಗಳ ಕಡೆಗೆ ಕಣ್ಣು ಹಾಯಿಸುವುದು ಸಹಜ. ಆ ಜಾಗಗಳಲ್ಲಿ ಈಗಾಗಲೇ ಯಾರು ವಾಸವಾಗಿದ್ದಾರೆ ಎಂಬುದನ್ನು ನೋಡುವ ಕೆಲಸ ಮಾತ್ರ ಸಾಮಾನ್ಯವಾಗಿ ಆಗುವುದಿಲ್ಲ.

2022ರ ನವೆಂಬರ್ ಮೊದಲ ವಾರದಲ್ಲಿ ಕೆ.ಆರ್. ನಗರ ಪಟ್ಟಣದ ಬೀದಿಯಲ್ಲಿ ಹಗಲು ಹೊತ್ತಿನಲ್ಲೇ ಚಿರತೆಯೊಂದು ಕಾಣಿಸಿಕೊಂಡದ್ದನ್ನು ಓದುಗರು ಮರೆತಿರಲಾರರು. ಸುತ್ತ ನೆರೆದ ಜನರ ಕೂಗಾಟಕ್ಕೆ ಬೆದರಿದ ಅದು ಬೈಕ್ ಸವಾರರೊಬ್ಬರ ಮೇಲೆರಗಿತು. ಸಿಬ್ಬಂದಿಯೂ ಸೇರಿದಂತೆ ಇನ್ನೂ ಕೆಲವರನ್ನು ಗಾಯಗೊಳಿಸಿತು. ಕಡೆಗೆ ಅರಿವಳಿಕೆ ಚುಚ್ಚುಮದ್ದಿಗೆ ಸಿಕ್ಕಿಬಿದ್ದಿತು. ಮನೆಯ ಮಹಡಿಗಳಿಂದ ಮೊಬೈಲ್‌ಗಳಲ್ಲಿ ಸೆರೆಹಿಡಿದ ಆ ದೃಶ್ಯ ದೇಶದಾದ್ಯಂತ ಓಡಾಡಿತು. ಚಿರತೆ ನಾಗರಹೊಳೆಯಿಂದ ದಾರಿ ತಪ್ಪಿ ಬಂದಿರಬೇಕೆಂದು ಹಲವರು ತರ್ಕಿಸಿದರು. ನಾಲ್ಕು ತಾಲ್ಲೂಕುಗಳ ಭೂಗೋಳವನ್ನು ಬಲ್ಲವರಿಗೆ ಈ ತರ್ಕ ಒಪ್ಪಿಗೆಯಾಗುವುದು ಕಷ್ಟ. ಕೆ.ಆರ್. ನಗರ ತಾಲ್ಲೂಕಿನಲ್ಲಿ ಹೇಳಿಕೊಳ್ಳುವಂತಹ ದಟ್ಟ ಅರಣ್ಯವೇ ಇಲ್ಲ. ಅಲ್ಲಿರುವುದು ಕಾವೇರಿ, ಅದರ ಅಣೆಕಟ್ಟೆ ನಾಲೆಗಳು, ಭತ್ತ, ಕಬ್ಬು, ತೆಂಗು, ಅಲ್ಲಲ್ಲಿ ಬಂಡೆಗುಡ್ಡ. ಚಿರತೆಗೆ ಇಷ್ಟು ಸಾಕು. ಹಗಲು ಅಡಗಲು ಕಬ್ಬಿನ ಗದ್ದೆ, ರಾತ್ರಿ ತಿನ್ನಲು ಬೀದಿನಾಯಿ, ಕುರಿ, ಕರು. ಅದು ಕಾಡಿನಿಂದ ಊರಿಗೆ ಬಂದ ಪ್ರಾಣಿಯಾಗಿರಬೇಕಿಲ್ಲ. ಕಬ್ಬಿನಲ್ಲೇ ಹುಟ್ಟಿ ಬೆಳೆದ, ಎರಡನೆಯ ತಲೆಮಾರಿನ ನಿವಾಸಿಯೂ ಆಗಿರಬಹುದು.

ಅದೇ ಚಳಿಗಾಲದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಗೆ ನಾಲ್ವರು ಬಲಿಯಾದರು. ಅದೂ ಕಾಡಿಲ್ಲದ ನೀರಾವರಿ ಸೀಮೆಯೇ. 2023ರ ಆರಂಭದಲ್ಲಿ ಮೈಸೂರು ಜಿಲ್ಲೆಗೆಂದೇ ಚಿರತೆ ಕಾರ್ಯಪಡೆಯನ್ನು ಸರ್ಕಾರ ರಚಿಸಬೇಕಾಗಿ ಬಂದದ್ದು ಇದರ ಪರಿಣಾಮ. 2024ರ ಡಿಸೆಂಬರ್ 31ರ ನಸುಕಿನಲ್ಲಿ ಮೈಸೂರಿನ ಇನ್ಫೊಸಿಸ್ ಆವರಣದಲ್ಲಿ ಚಿರತೆಯ ಚಿತ್ರ ಕ್ಯಾಮೆರಾಗಳಲ್ಲಿ ದಾಖಲಾಗಿ, ಸಾವಿರಾರು ನೌಕರರಿಗೆ ಮನೆಯಿಂದಲೇ ಕೆಲಸ ಮಾಡುವಂತೆ ಸೂಚಿಸಲಾಯಿತು. ದಿನಗಟ್ಟಲೆ ಹುಡುಕಿದರೂ ಅದು ಸಿಗಲಿಲ್ಲ. ಮರಗಿಡ ತುಂಬಿದ ಆ ನೂರಾರು ಎಕರೆಯ ಆವರಣ ಪ್ರಾಣಿಯ ದೃಷ್ಟಿಯಲ್ಲಿ ಒಂದು ನಗರಾರಣ್ಯವೇ ತಾನೆ? 2022ರ ಅಂದಾಜಿನ ಪ್ರಕಾರ ಕರ್ನಾಟಕದ ಚಿರತೆಗಳ ಸಂಖ್ಯೆ 1,879. ಮಧ್ಯಪ್ರದೇಶ, ಮಹಾರಾಷ್ಟ್ರಗಳ ನಂತರದ ಸ್ಥಾನ ನಮ್ಮದು. ಆ ಎಣಿಕೆ ನಡೆದದ್ದು ಮುಖ್ಯವಾಗಿ ಹುಲಿಯಿರುವ ಅರಣ್ಯಗಳಲ್ಲಿ. ಕಬ್ಬಿನ ಗದ್ದೆಯ ಚಿರತೆಗಳನ್ನು ಎಣಿಸಿದವರು ವಿರಳ.

ಇದನ್ನೆಲ್ಲ ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಪಟ್ಟಣದ ಅಂಚಿನಲ್ಲಿ ಕಾಡು ಬೆಳೆಸುವ ಮಾತು ಬಂದಾಗಲೆಲ್ಲ ಎದುರಾಗುವ ಮೊದಲ ಆಕ್ಷೇಪ, ಚಿರತೆ ಬಂದು ಸೇರಿಕೊಳ್ಳುತ್ತದೆ ಎಂಬುದು. ಹೆದರಿಕೆ ನ್ಯಾಯವಾದದ್ದೇ. ಆದರೆ ಅದಕ್ಕೆ ಪರಿಹಾರವೆಂದು ಪೊದೆಗಳನ್ನು ಸವರಿ ಹುಲ್ಲುಹಾಸು ಹಾಸಿ ದೀಪ ಹಾಕುವುದರಿಂದ ಚಿರತೆ ದೂರವಾಗದೆಂಬುದಕ್ಕೆ ಕೆ.ಆರ್. ನಗರವೇ ಸಾಕ್ಷಿ. ಅದನ್ನು ಊರಿಗೆ ಕರೆತರುವುದು ಮಾಂಸದಂಗಡಿಗಳ ತ್ಯಾಜ್ಯ, ಕೋಳಿ ತ್ಯಾಜ್ಯ ಸುರಿಯುವ ರಸ್ತೆಬದಿ, ಆ ತ್ಯಾಜ್ಯವನ್ನು ನಂಬಿ ಬದುಕುವ ನಾಯಿಗಳ ಹಿಂಡು. ಪುರಸಭೆಯ ಕಸದ ಗಾಡಿ ಸರಿಯಾಗಿ ಓಡಾಡಿದರೆ ಅರಣ್ಯ ಇಲಾಖೆಯ ಬೋನಿನ ಅರ್ಧ ಕೆಲಸ ಮುಗಿಯುತ್ತದೆ. ಪೊದೆಯ ತಪ್ಪಿಗಿಂತ ಕಸದ ತಪ್ಪು ದೊಡ್ಡದು.

ಈ ನಾಲ್ಕು ತಾಲ್ಲೂಕುಗಳನ್ನು ಒಂದೇ ಬಗೆಯ ಭೂಮಿಯೆಂದು ತಿಳಿದು ಒಂದೇ ನಕ್ಷೆಯ ಉದ್ಯಾನವನ್ನು ಎಲ್ಲೆಡೆ ಕಟ್ಟಿದರೆ ಎಡವಟ್ಟಾಗುತ್ತದೆ. ಕೊಡಗಿನ ಮಗ್ಗುಲಲ್ಲಿ ಮಳೆ ಹೆಚ್ಚು. ಪೂರ್ವಕ್ಕೆ ಸರಿದಂತೆ ಅದು ಇಳಿಯುತ್ತ, ತೇವದ ಎಲೆಯುದುರುವ ಕಾಡು ಒಣ ಕಾಡಾಗಿ, ಒಣ ಕಾಡು ಕುರುಚಲಾಗಿ, ಕುರುಚಲು ಹುಲ್ಲುಗಾವಲಾಗಿ ಮಾರ್ಪಡುತ್ತದೆ. ಪಶ್ಚಿಮದ ತುದಿಯಲ್ಲಿ 643 ಚದರ ಕಿ.ಮೀ.ಗಳ ನಾಗರಹೊಳೆ ರಾಷ್ಟ್ರೀಯ ಉದ್ಯಾನವಿದೆ. 1955ರಲ್ಲಿ ವನ್ಯಧಾಮವಾಗಿ ಆರಂಭವಾದ ಈ ಕಾಡಿನ ಆಡಳಿತ ಕಚೇರಿ ಇರುವುದು ಹುಣಸೂರು ಪಟ್ಟಣದಲ್ಲಿ. ದಸರಾ ಆನೆಗಳ ಗಜಪಯಣ ಹೊರಡುವುದು ಇದೇ ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಹೀಗಿದ್ದೂ ಹುಣಸೂರನ್ನು ಕಾಡಿನ ಊರೆಂದು ಮಾತ್ರ ಕರೆಯುವುದು ಅರೆಸತ್ಯ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳ ವ್ಯವಸ್ಥೆಗೆ ಹುಣಸೂರು ಮುಖ್ಯ ನೆಲೆಯಾಗಿತ್ತು. ಆ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ 'ಕಾವಲು'ಗಳು. ಇಂದಿಗೂ ಈ ಭಾಗದ ಎಷ್ಟೋ ಊರುಗಳ ಹೆಸರಿನ ಬಾಲದಲ್ಲಿ ಕಾವಲು ಎಂಬ ಪದ ಉಳಿದಿದೆ. ಹುಲ್ಲು ಮಾತ್ರ ಉಳಿದಿಲ್ಲ.

ಹುಲ್ಲುಗಾವಲನ್ನು ಬಂಜರೆಂದು ಭಾವಿಸುವುದು ಕಂದಾಯ ದಾಖಲೆಗಳ ಹಳೆಯ ರೋಗ. ಆ ರೋಗ ಅರಣ್ಯೀಕರಣದವರಿಗೂ ಅಂಟಿತು. ಮರವಿಲ್ಲದ ಜಾಗವೆಲ್ಲ ಮರ ನೆಡಬೇಕಾದ ಜಾಗವೆಂದು ತಿಳಿದು ಕಾವಲು, ಗೋಮಾಳ, ಕೆರೆಯಂಗಳಗಳಲ್ಲಿ ನೀಲಗಿರಿಯನ್ನೂ ಅಕೇಸಿಯವನ್ನೂ ತುಂಬಲಾಯಿತು. ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿ, ಗೌಜಲಹಕ್ಕಿಗಳು, ಬಿಲ ತೋಡುವ ಗುಳ್ಳೆನರಿ, ಮೊಲ ಇವೆಲ್ಲ ನೆಲೆ ಕಳೆದುಕೊಂಡವು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದಾಗ, ಅಂತರ್ಜಲದ ಲೆಕ್ಕವೊಂದೇ ಚರ್ಚೆಗೆ ಬಂತು. ಗುಳ್ಳೆನರಿಯ ಲೆಕ್ಕ ಬರಲಿಲ್ಲ. ಹುಣಸೂರು ಅಥವಾ ಪಿರಿಯಾಪಟ್ಟಣದ ಬಯಲು ತುಂಡೊಂದನ್ನು ನಗರ ವನಕ್ಕೆ ಆರಿಸುವುದಾದರೆ, ಅದರ ಒಂದು ಭಾಗವನ್ನು ಗಿಡ ನೆಡದೆ ಹುಲ್ಲಿಗೇ ಬಿಡುವ ಧೈರ್ಯವನ್ನು ಅಧಿಕಾರಿಗಳು ತೋರಬೇಕಾಗುತ್ತದೆ. ಗುಂಡಿ ಎಣಿಸಿ ಬಿಲ್ ಬರೆಯುವ ಪದ್ಧತಿಯಲ್ಲಿ ಈ ಧೈರ್ಯ ಸುಲಭವಲ್ಲ.

ಪಿರಿಯಾಪಟ್ಟಣದ್ದು ಇನ್ನೊಂದು ಬಗೆಯ ಚರಿತ್ರೆ. 1960ರಿಂದ ಬೈಲಕುಪ್ಪೆಯಲ್ಲಿ ಟಿಬೆಟಿಯನ್ ನಿರಾಶ್ರಿತರಿಗೆ ಸುಮಾರು 3,000 ಎಕರೆ ಕಾಡುಭೂಮಿಯನ್ನು ನೀಡಲಾಯಿತು. ಮೊದಲ ವರ್ಷಗಳಲ್ಲಿ ಕಾಡು ಕಡಿದು ಹೊಲ ಮಾಡಿದವರನ್ನು ಆನೆಗಳು ಬಹುವಾಗಿ ಕಾಡಿದವು. ಹಿಮಾಲಯದಾಚೆಯಿಂದ ಬಂದ ಜನರಿಗೆ ಆನೆಯೆಂಬ ಪ್ರಾಣಿಯ ಪರಿಚಯವಾದದ್ದು ಹೀಗೆ. ಆಶ್ರಯ ಕೊಟ್ಟದ್ದು ಈ ನಾಡಿನ ಔದಾರ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಔದಾರ್ಯದ ಬೆಲೆಯ ಒಂದು ಪಾಲನ್ನು ತೆತ್ತದ್ದು ಕಾಡು. ಎಚ್.ಡಿ. ಕೋಟೆಯಲ್ಲಿ ಕಾಡನ್ನು ನುಂಗಿದ್ದು ನೀರು. ಸರಗೂರು ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳು ಒಂದೇ ತಾಲ್ಲೂಕಿನಲ್ಲಿದ್ದವು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು, ಖೆಡ್ಡಾಗಳಿಗೆ ಹೆಸರಾಗಿದ್ದ ಕಾಕನಕೋಟೆಯ ಕಾಡನ್ನು ಮುಳುಗಿಸಿತು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಅದೇ ದಂಡೆಯಲ್ಲಿ ಮೊಳೆಯುವ ಹಸಿ ಹುಲ್ಲಿಗೆ ನೂರಾರು ಆನೆಗಳು ನೆರೆಯುತ್ತವೆ. ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ಕಾಣುವ ಆ ಚಿತ್ರ ಮೂಲತಃ ಮುಳುಗಡೆಯ ಫಲ.

ಇಂತಹ ತಾಲ್ಲೂಕಿನಲ್ಲಿ, ಅದರಲ್ಲೂ ಕಾಡಿಗೆ ಅಂಟಿದ ಹೋಬಳಿಗಳಲ್ಲಿ, ನಗರ ವನದ ಕಲ್ಪನೆಯನ್ನು ಬಹಳ ಎಚ್ಚರದಿಂದ ಅನ್ವಯಿಸಬೇಕು. 2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿವೆ. ನಾಗರಹೊಳೆ ಅವುಗಳ ಬಹುಮುಖ್ಯ ನೆಲೆ. ಕಂದಕ, ಸೌರಬೇಲಿ, ಹಳೆಯ ರೈಲು ಹಳಿಗಳ ತಡೆಗೋಡೆ ಎಲ್ಲವೂ ಆಗಿವೆ. 2018ರ ಡಿಸೆಂಬರ್‌ನಲ್ಲಿ ವೀರನಹೊಸಹಳ್ಳಿ ವಲಯದಲ್ಲಿ ಹಳಿಗಳ ತಡೆಯನ್ನು ದಾಟಿ ಕಾಡಿಗೆ ಮರಳಲು ಹೋದ ಸಲಗವೊಂದು ಅದರ ಮೇಲೆಯೇ ಸಿಕ್ಕಿಕೊಂಡು ಸತ್ತಿತು. ಹೀಗಿರುವಾಗ ಕಾಡಿನಿಂದ ಕೂಗಳತೆಯಲ್ಲಿ ಹಲಸು, ಬಿದಿರು, ಬಾಳೆ ಬೆಳೆಸಿದ ಉದ್ಯಾನ ಮಾಡುವುದೆಂದರೆ ಆನೆಗೆ ಆಮಂತ್ರಣ ಪತ್ರಿಕೆ ಕಳಿಸಿದಂತೆ. ಕಾಡಂಚಿನ ಊರಿಗೆ ಬೇಕಿರುವುದು ಇನ್ನೊಂದು ಕಾಡಿಗಿಂತ ಹೆಚ್ಚಾಗಿ ಇರುವ ಕಾಡಿನೊಳಗಿನ ಮೇವು. ಲಂಟಾನ ತುಂಬಿ ಹುಲ್ಲು ಸತ್ತಿರುವ, ಹಳದಿ ಹೂವಿನ ಸೆನ್ನ ಹಬ್ಬುತ್ತಿರುವ, ಹಳೆಯ ತೇಗದ ನೆಡುತೋಪುಗಳಿಂದ ತುಂಬಿರುವ ನಾಗರಹೊಳೆಯ ಭಾಗಗಳನ್ನು ಸರಿಪಡಿಸಲು ಬಳಸಬೇಕಾದ ಹಣವನ್ನು ಊರ ಬಾಗಿಲಿನ ಉದ್ಯಾನಕ್ಕೆ ಸುರಿಯುವುದು ವಿವೇಕವಲ್ಲ.

ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಪಟ್ಟಣಗಳ ಮಾತು ಬೇರೆ. ಇಲ್ಲಿ ನಗರಾರಣ್ಯದ ಅಗತ್ಯವಿದೆ. ಮಾಡುವ ಕಾಲವೂ ಮೀರುತ್ತಿದೆ. ಮೈಸೂರು–ಕುಶಾಲನಗರ ನಡುವಣ 92 ಕಿ.ಮೀ. ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್ 12ರಂದು ಪ್ರಧಾನಿ ಶಂಕುಸ್ಥಾಪನೆ ನೆರವೇರಿಸಿದರು. ಹೆದ್ದಾರಿ ಘೋಷಣೆಯಾದ ಕಡೆ ಮೊದಲು ಬರುವುದು ನಿವೇಶನದ ಕಲ್ಲುಗಳು. ಹೊಲಗಳ ನಡುವೆ ಬಿದ್ದಿರುವ ಖರಾಬು ಜಮೀನು, ಗೋಮಾಳ, ಗುಂಡುತೋಪು, ಕೆರೆಯ ಅಚ್ಚುಕಟ್ಟಿನ ಕಾಲುವೆದಂಡೆ ಇವು ಆಗ ಒಂದೊಂದಾಗಿ ಕರಗುತ್ತವೆ. ಐದು ವರ್ಷ ಬಿಟ್ಟು ನಗರ ವನಕ್ಕೆ 10 ಹೆಕ್ಟೇರ್ ಹುಡುಕಲು ಹೊರಟರೆ ದಾಖಲೆಯಲ್ಲಿ ಸಿಗಬಹುದು, ನೆಲದ ಮೇಲೆ ಸಿಗಲಾರದು.

ಗುಂಡುತೋಪುಗಳ ಬಗ್ಗೆ ಎರಡು ಮಾತು ಹೇಳಬೇಕು. ಹಳೆಯ ಮೈಸೂರು ಸೀಮೆಯ ಪ್ರತಿ ಊರಿನ ಹೊರಗೂ ಹುಣಸೆ, ಮಾವು, ಹೊಂಗೆ, ನೇರಳೆ, ಹಿಪ್ಪೆಗಳ ಒಂದು ತೋಪಿರುತ್ತಿತ್ತು. ಬಂಡಿಯವರು ತಂಗಲು, ದನ ನೆರಳಾಡಲು, ಜಾತ್ರೆ ಸೇರಲು ಅದೇ ಜಾಗ. ಹುಣಸೂರಿಗೆ ಹುಣಸೆಯಿಂದಲೇ ಹೆಸರು ಬಂತೆಂದು ಜನ ಹೇಳುವುದುಂಟು. ನಗರಾರಣ್ಯವೆಂಬ ಪದ ಹುಟ್ಟುವ ಮುನ್ನವೇ ನಮ್ಮಲ್ಲಿ ಅದಿತ್ತು. ಕಲಿಯಲು ಪುಣೆಯವರೆಗೆ ಹೋಗಬೇಕಿರಲಿಲ್ಲ. ಮುದಿ ಹುಣಸೆಯ ಪೊಟರೆಯಲ್ಲಿ ಹಾಲಕ್ಕಿ ಗೂಬೆ, ಗಿಳಿ. ಕೊಂಬೆಯ ಮೇಲೆ ಕೊಕ್ಕರೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದ ಮಾಲೀಕರು ಹುಣಸೆಹಣ್ಣಿನ ಆದಾಯವನ್ನು ಸ್ವಲ್ಪಮಟ್ಟಿಗೆ ಕಳೆದುಕೊಂಡೂ ಹಕ್ಕಿಗಳನ್ನು ಸಹಿಸಿಕೊಂಡರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಹಾಗಾದರೆ ಈಗ ನಿರ್ಮಾಣವಾಗುತ್ತಿರುವ ಉದ್ಯಾನಗಳಲ್ಲಿ ಏನಿರುತ್ತದೆ? ರಾಜ್ಯದ ಯಾವ ಊರಿನ ವೃಕ್ಷೋದ್ಯಾನಕ್ಕೆ ಹೋದರೂ ಸಿಗುವ ನೋಟ ಹೆಚ್ಚುಕಡಿಮೆ ಒಂದೇ. ಕಮಾನಿನ ದ್ವಾರ, ಟಿಕೆಟ್ ಕೌಂಟರ್, ಸಿಮೆಂಟಿನ ಜಿಂಕೆ, ಸಿಮೆಂಟಿನ ಹುಲಿ, ಇಂಟರ್‌ಲಾಕ್ ಇಟ್ಟಿಗೆಯ ನಡಿಗೆಪಥ, ಜೋಕಾಲಿ, ವ್ಯಾಯಾಮದ ಉಪಕರಣ, ಔಷಧಿ ಗಿಡಗಳ ಫಲಕ. ಫಲಕ ಉಳಿದು ಗಿಡ ಒಣಗಿರುವುದೂ ಉಂಟು. ಮಕ್ಕಳಿಗೆ ಆಟದ ಜಾಗ ಬೇಕು, ವೃದ್ಧರಿಗೆ ನಡೆಯುವ ದಾರಿ ಬೇಕು. ಸಣ್ಣ ಪಟ್ಟಣಗಳಲ್ಲಿ ಇವೆರಡೂ ಇಲ್ಲವೆಂಬುದು ನಿಜ. ಅದಕ್ಕೆ ಪುರಸಭೆಯ ಉದ್ಯಾನಗಳಿರಲಿ. ಕಾಡಿನ ಹೆಸರಿನ ಹಣದಲ್ಲಿ, ಕಾಡಿದ್ದ ಜಾಗದಲ್ಲಿ, ಕಾಡನ್ನು ಸವರಿ ಅವನ್ನು ಕಟ್ಟುವುದಷ್ಟೇ ಆಕ್ಷೇಪಾರ್ಹ. 2021ರ ಫೆಬ್ರುವರಿಯಲ್ಲಿ ಬೆಂಗಳೂರಿನ ತುರಹಳ್ಳಿ ಕಿರು ಅರಣ್ಯದಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾವ ಬಂದಾಗ ಸುತ್ತಲಿನ ನಿವಾಸಿಗಳು ಬೀದಿಗಿಳಿದರು. ಕಾಡು ಕಾಡಾಗಿಯೇ ಇರಲೆಂಬ ಅವರ ಬೇಡಿಕೆಗೆ ಮಣಿದು ಆಗಿನ ಅರಣ್ಯ ಸಚಿವರು ಯೋಜನೆಯನ್ನು ಕೈಬಿಟ್ಟರು. ಬೆಂಗಳೂರಿನಲ್ಲಿ ಕೂಗೆಬ್ಬಿಸಲು ಜನರಿದ್ದರು, ಕ್ಯಾಮೆರಾಗಳಿದ್ದವು. ತಾಲ್ಲೂಕು ಕೇಂದ್ರಗಳಲ್ಲಿ ಗುತ್ತಿಗೆದಾರರ ಯಂತ್ರ ಬಂದು ಹೋದ ಮೇಲೆಯೇ ವಿಷಯ ತಿಳಿಯುತ್ತದೆ.

ಹತ್ತಿರದಲ್ಲೇ ಇರುವ ಉದಾಹರಣೆ ಕುಶಾಲನಗರದ ಕಾವೇರಿ ನಿಸರ್ಗಧಾಮ. ಪಿರಿಯಾಪಟ್ಟಣ ತಾಲ್ಲೂಕಿನ ಗಡಿಗೆ ಹೊಂದಿಕೊಂಡಂತೆ, ನದಿ ಬಳಸಿ ಹರಿಯುವ 64 ಎಕರೆಯ ನಡುಗಡ್ಡೆ. ತೂಗುಸೇತುವೆ, ಜಿಂಕೆವನ, ಅಂಗಡಿಸಾಲು, ವಾರಾಂತ್ಯದ ಗದ್ದಲ ಎಲ್ಲವೂ ಅಲ್ಲುಂಟು. ಟೀಕಿಸಲು ಬೇಕಾದಷ್ಟಿದೆ. ಆದರೂ ಆ ನಡುಗಡ್ಡೆಯ ಬಿದಿರು ಮೆಳೆಗಳನ್ನು ಉಳಿಸಿಕೊಂಡದ್ದು ದೊಡ್ಡ ಸಂಗತಿ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ, ನದಿಪಾತ್ರದಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಆ ಊರು ಕಷ್ಟಪಟ್ಟು ಕಲಿಯಿತು. ಮುಳುಗಿದರೂ ನಷ್ಟವಿಲ್ಲದ ಬಳಕೆಯೊಂದಿದ್ದರೆ ಅದು ಮರಗಳದ್ದು. ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿಯೂ ಇದೇ ಪಾಠ ಬೇರೆ ರೂಪದಲ್ಲಿದೆ. ದಂಡೆಯ ಮೇಲೆ ಬೆಳಗಿನ ನಡಿಗೆಯ ಜನಜಂಗುಳಿ, ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆ, ನೀರುಕಾಗೆಗಳ ಗೂಡು. ಎರಡರ ನಡುವೆ ನೀರಿನ ಅಂತರವಿರುವುದರಿಂದ ಎರಡೂ ನಡೆದುಕೊಂಡು ಬಂದಿವೆ. ಜನರಿಗೊಂದು ಭಾಗ ತೆರೆದಿಟ್ಟು, ಉಳಿದದ್ದಕ್ಕೆ ಕಾಲಿಡದಂತೆ ನೋಡಿಕೊಂಡರೆ ಜೀವಿಗಳು ನಗರವನ್ನು ಸಹಿಸಿಕೊಳ್ಳುತ್ತವೆ.

ಕಾಲಿಡದ ಭಾಗದಲ್ಲಿ ಯಾರಿರುತ್ತಾರೆ ಎಂಬುದನ್ನು ತಿಳಿಯಲು ದೊಡ್ಡ ಅಧ್ಯಯನವೇನೂ ಬೇಡ. ಹಣ್ಣು ಬಿಟ್ಟ ಒಂದು ಗೋಣಿ ಮರವನ್ನು ಅಥವಾ ಅತ್ತಿಮರವನ್ನು ಒಂದು ದಿನ ಕಾದರೆ ಸಾಕು. ಹಗಲು ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ, ಮೈನಾ, ಹಸಿರು ಪಾರಿವಾಳ, ಮುಸ್ಸಂಜೆಗೆ ಬಾವಲಿ, ರಾತ್ರಿ ಪುನುಗು ಬೆಕ್ಕು, ಉದುರಿದ ಹಣ್ಣಿಗೆ ಮುಳ್ಳುಹಂದಿ, ಹೆಗ್ಗಣ, ಹೆಗ್ಗಣಕ್ಕೆ ಕೇರೆಹಾವು, ಅದರ ಹಿಂದೆ ಮುಂಗುಸಿ. ಇವರಲ್ಲಿ ಅರ್ಧದಷ್ಟು ಮಂದಿ ಬೀಜ ಬಿತ್ತುವವರು. ನರ್ಸರಿಯಿಂದ ತಂದು ನೆಟ್ಟ ಸಸಿಗಿಂತ ಹಕ್ಕಿ ಹಿಕ್ಕೆಯಿಂದ ಮೊಳೆತ ಸಸಿ ಆ ನೆಲಕ್ಕೆ ಒಗ್ಗಿ ಬರುತ್ತದೆ. ಉದ್ಯಾನದಲ್ಲಿ ದಿನವೂ ಗುಡಿಸಿ ಸುಡುವ ತರಗೆಲೆ ಇಲ್ಲಿ ಕಪ್ಪೆ, ಅರಣೆ, ಚೇಳು, ಗೆದ್ದಲುಗಳ ಮನೆ. ಅಪಾಯವೆಂದು ಕಡಿದುಹಾಕುವ ಒಣಮರ ಮರಕುಟಿಗನ ಗೂಡು; ಅದು ಬಿಟ್ಟುಹೋದ ಪೊಟರೆ ಗಿಳಿಯದ್ದು. ಕಾರೆ, ಕವಳೆ, ಎಲಚಿಯ ಮುಳ್ಳುಪೊದೆಯನ್ನು ಸವರಿದರೆ ಗೌಜಲಹಕ್ಕಿಯ ಮೊಟ್ಟೆಗೆ ರಕ್ಷಣೆಯಿಲ್ಲ. ರಾತ್ರಿಯೆಲ್ಲ ಉರಿಯುವ ಅಲಂಕಾರದ ದೀಪಗಳು ಬಾವಲಿ, ಮಿಂಚುಹುಳು, ಪತಂಗಗಳನ್ನು ಓಡಿಸುತ್ತವೆ. ಸ್ವಚ್ಛತೆಯೆಂಬುದು ಮನುಷ್ಯರ ಮನೆಗೆ ಹೇಳಿದ ಮಾತು. ಕಾಡಿನಲ್ಲಿ ಅದು ಹಸಿವಿನ ಇನ್ನೊಂದು ಹೆಸರು.

ನದಿದಂಡೆಗಳಷ್ಟು ಸೂಕ್ತವಾದ ಜಾಗ ಈ ಪಟ್ಟಣಗಳಲ್ಲಿ ಬೇರೆ ಕಾಣದು. ಕೆ.ಆರ್. ನಗರ ಹುಟ್ಟಿದ್ದೇ ಕಾವೇರಿ ದಂಡೆಯ ಹಳೆಯ ಎಡತೊರೆಯ ಪಕ್ಕದಲ್ಲಿ, ಯೋಜಿತ ಬೀದಿಗಳ ಹೊಸ ಪಟ್ಟಣವಾಗಿ. ಅರ್ಕೇಶ್ವರ ದೇವಾಲಯದ ಬಳಿಯಿಂದ ಚುಂಚನಕಟ್ಟೆಯ ಜಲಪಾತದವರೆಗೆ ನದಿಯ ಬಂಡೆ, ಮಡು, ನಡುಗಡ್ಡೆಗಳು ನೀರುನಾಯಿ, ಮಿಂಚುಳ್ಳಿ, ಕೊಕ್ಕರೆಗಳಿಗೆ ತಕ್ಕ ತಾಣ. ಇಲ್ಲಿ ನೆಡಬೇಕಾದದ್ದು ಹೊಳೆಮತ್ತಿ, ನೇರಳೆ, ಹೊಂಗೆ, ನೀರಂಜಿಯಂತಹ ದಂಡೆಯ ಮರಗಳು. ಹುಣಸೂರಿನ ಲಕ್ಷ್ಮಣತೀರ್ಥದ ಕತೆ ಹೀಗಿಲ್ಲ. ಬ್ರಹ್ಮಗಿರಿಯಲ್ಲಿ ಹುಟ್ಟಿ, ಹನಗೋಡಿನ ಅಣೆಕಟ್ಟೆ ದಾಟಿ ಬರುವವರೆಗೆ ಹೊಳೆಯಾಗಿರುವ ಅದು, ಪಟ್ಟಣ ಹೊಕ್ಕು ಹೊರಬರುವಷ್ಟರಲ್ಲಿ ಚರಂಡಿಯ ನೀರನ್ನೂ ಕಸವನ್ನೂ ಹೊತ್ತು ಸೊರಗುತ್ತದೆ. ಬೇಸಿಗೆಯಲ್ಲಿ ಕಳೆಗಿಡ ಮುಚ್ಚಿದ ನೀರನ್ನು ಸೇತುವೆಯ ಮೇಲಿಂದ ಯಾರೂ ಕಾಣಬಹುದು. ಅದೇ ನೀರು ಮುಂದೆ ಕನ್ನಂಬಾಡಿ ಜಲಾಶಯ ಸೇರಿ ಕುಡಿಯುವ ನೀರಾಗುತ್ತದೆ. ಒಳಚರಂಡಿ ನೀರು ಶುದ್ಧವಾಗದೆ ಹೊಳೆಗೆ ಬೀಳುತ್ತಿರುವಾಗ ದಂಡೆಯ ಮೇಲೆ ಉದ್ಯಾನ ಮಾಡುವುದು ಗಾಯಕ್ಕೆ ರೇಷ್ಮೆ ಹೊದಿಸಿದಂತೆ. ಮೊದಲು ನೀರು, ಆಮೇಲೆ ಮರ.

ಈ ಸೀಮೆಯಲ್ಲಿ ಮರಗಳು ಊರಿನ ಹೊರಗೆ ಏಕೆ ಕಡಿಮೆಯಾದವು ಎಂಬುದನ್ನು ಹೇಳದೆ ಹೋದರೆ ವಿಷಯ ಅಪೂರ್ಣ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಆರ್ಥಿಕತೆ ನಿಂತಿರುವುದು ಹೊಗೆಸೊಪ್ಪಿನ ಮೇಲೆ. ಸೊಪ್ಪನ್ನು ಬ್ಯಾರನ್‌ಗಳಲ್ಲಿ ಬಿಸಿಗಾಳಿಯಿಂದ ಹದಗೊಳಿಸಲು ಸೌದೆ ಬೇಕು. ಒಂದು ಕಿಲೋ ಹದಗೊಂಡ ಸೊಪ್ಪಿಗೆ ಅದರ ಹಲವು ಪಟ್ಟು ಸೌದೆ ಉರಿಯುತ್ತದೆ. ಜುಲೈನಿಂದಾಚೆಗೆ ಈ ಹಳ್ಳಿಗಳ ಮೇಲೆ ಕವಿಯುವ ಹೊಗೆಯಲ್ಲಿ ಬದುವಿನ ಹೊಂಗೆ, ತೋಪಿನ ಮಾವು, ರಸ್ತೆಬದಿಯ ಸಾಲುಮರ ಎಲ್ಲ ಸೇರಿವೆ. ರೈತರನ್ನು ದೂರಿ ಪ್ರಯೋಜನವಿಲ್ಲ. ಮಂಡಳಿಯ ಪರವಾನಗಿ, ಹರಾಜು ಮಾರುಕಟ್ಟೆ, ಬ್ಯಾಂಕಿನ ಸಾಲ ಎಲ್ಲವೂ ಆ ಬೆಳೆಯ ಸುತ್ತಲೇ ಹೆಣೆದುಕೊಂಡಿವೆ. ಆದರೆ ಪಟ್ಟಣದಲ್ಲಿ 10 ಹೆಕ್ಟೇರ್ ಹಸಿರು ಮಾಡಿ, ಸುತ್ತಲಿನ ಹೋಬಳಿಗಳಲ್ಲಿ ಅದರ ನೂರು ಪಟ್ಟು ಸೌದೆಯಾಗುವುದನ್ನು ನೋಡುತ್ತ ಕೂತರೆ ಲೆಕ್ಕ ಎಂದೂ ಹೊಂದುವುದಿಲ್ಲ. ಸೌದೆಗೆಂದೇ ಬೆಳೆಯುವ ಮರಗಳನ್ನು ರೈತರ ಬದುಗಳಲ್ಲಿ ಬೆಳೆಸುವ ಹಳೆಯ ಸಲಹೆಯನ್ನು ನಗರ ವನದ ಜೊತೆಗೇ ಜೋಡಿಸಿ ಕೈಗೆತ್ತಿಕೊಳ್ಳಬೇಕಾಗಿದೆ.

ಯಾರು ತೀರ್ಮಾನಿಸಬೇಕು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ತನ್ನ ವ್ಯಾಪ್ತಿಯ ಗಿಡಮರ ಪ್ರಾಣಿಪಕ್ಷಿಗಳ ಜನತಾ ದಾಖಲಾತಿಯನ್ನು ಸಿದ್ಧಪಡಿಸಬೇಕು. ಬಹುತೇಕ ಕಡೆ ಈ ಸಮಿತಿಗಳು ಕಾಗದದ ಮೇಲಷ್ಟೇ ಉಸಿರಾಡುತ್ತಿವೆ. ನಗರ ವನದ ನಕ್ಷೆ ಬರೆಯುವ ಮುನ್ನ ಆಯಾ ಜಾಗದ ದಾಖಲಾತಿಯನ್ನು ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ ಬರೆಯುವ ಷರತ್ತು ಹಾಕಿದರೆ ಸಮಿತಿಗೂ ಕೆಲಸ ಸಿಗುತ್ತದೆ. ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳ ಹಾಡಿಗಳಲ್ಲಿ ಜೇನುಕುರುಬರಿದ್ದಾರೆ. ನಾಗರಹೊಳೆಯಿಂದ ಹೊರಬಂದು ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿ ನೆಲೆಸಿದವರೂ ಇದ್ದಾರೆ. ಯಾವ ಗಿಡ ಯಾವ ನೆಲದಲ್ಲಿ ಬರುತ್ತದೆ, ಯಾವ ಹಣ್ಣಿಗೆ ಯಾವ ಪ್ರಾಣಿ ಬರುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಇಲಾಖೆಯಲ್ಲಿ ಕೂಡ ವಿರಳ. ಉದ್ಯಾನಗಳಲ್ಲಿ ಅವರಿಗೆ ಈವರೆಗೆ ಸಿಕ್ಕಿರುವುದು ಗುಂಡಿ ತೋಡುವ ಕೂಲಿ ಕೆಲಸ.

ಕೊನೆಗೆ ಉಳಿಯುವುದು ನಿರ್ವಹಣೆಯ ಪ್ರಶ್ನೆ. ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಮರಗಳು ಬೆಳೆದು ನಿಂತದ್ದು ತಿಮ್ಮಕ್ಕ ಮತ್ತು ಅವರ ಪತಿ ಬಿಂದಿಗೆಯಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳುಬೇಲಿ ಕಟ್ಟಿ, ವರ್ಷಗಟ್ಟಲೆ ಕಾದದ್ದರಿಂದ. ಅವರ ಹೆಸರಿನ ಉದ್ಯಾನಗಳಲ್ಲಿ ಜೂನ್ 5ರಂದು ಗಣ್ಯರು ಸಸಿ ನೆಟ್ಟ ಫೋಟೊ ಪತ್ರಿಕೆಗಳಿಗೆ ತಲುಪುತ್ತದೆ. ಆ ಸಸಿಗೆ ನೀರು ಬೇಕಾಗುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಆ ಮೂರು ತಿಂಗಳಿಗೆ ಕಾವಲುಗಾರನ ಸಂಬಳ, ಟ್ಯಾಂಕರ್ ನೀರು, ಬೆಂಕಿರೇಖೆ ಸವರುವ ಕೂಲಿ ಎಲ್ಲಿಂದ ಬರುತ್ತದೆಂಬುದನ್ನು ಯೋಜನಾ ವರದಿಯ ಮೊದಲ ಪುಟದಲ್ಲೇ ಬರೆಯಲು ಸಂಬಂಧಪಟ್ಟ ನಗರಸಭೆ, ಪುರಸಭೆಗಳು ಮತ್ತು ಅರಣ್ಯ ಇಲಾಖೆ ಒಪ್ಪುತ್ತವೆಯೇ ಎಂಬುದನ್ನು ನೋಡಬೇಕು. ಕಮಾನಿನ ಅಂದಾಜುಪಟ್ಟಿಯಂತೂ ಹೇಗಿದ್ದರೂ ಅದರಲ್ಲಿರುತ್ತದೆ.